ನಲವತ್ತೊಂದು ಜಾಂಬೋಟಿ

ಬೆಳಗಾವಿಯ ಬೋರ್ ಆಫೀಸಿಗೆ ಕಂಪ್ಯೂಟರ್ ಬಂದದ್ದು ಎಂಬತ್ತೆಂಟನೆಯ ಇಸವಿಯ ಮಾರ್ಚ್ ತಿಂಗಳಲ್ಲಿ. ಆ ಕಚೇರಿಗೆ ಸರಕಾರ ಇಟ್ಟ ಹೆಸರು ಬಲು ಉದ್ದ, ಬೋರ್ಡಿನ ಮೇಲೆ ಎರಡು ಸಾಲು ಹಿಡಿಯುತ್ತಿತ್ತು. ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆದು ಕೈಪಂಪು ಕೂಡಿಸುವುದು ಅದರ ಕೆಲಸವಾದ್ದರಿಂದ ಜನ ಬೋರ್ ಆಫೀಸು ಎಂದೇ ಕರೆಯುತ್ತಿದ್ದರು. ಒಂಬತ್ತು ಜನ ನೌಕರರಿಗೆ ಒಂದೇ ಪಂಖಾ ಇದ್ದ ಆ ಕಚೇರಿಯಲ್ಲಿ ಕಂಪ್ಯೂಟರಿಗೆ ಮಾತ್ರ ಬೇರೆ ಕೋಣೆ, ಕಿಟಕಿಗೆ ದಪ್ಪ ಪರದೆ, ತಂಪು ಗಾಳಿಯ ಯಂತ್ರ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಹೊಸದರಲ್ಲಿ ಸಿಪಾಯಿ ಅದಕ್ಕೆ ದಿನಾ ಊದಿನಕಡ್ಡಿ ಬೆಳಗುತ್ತಿದ್ದ. ಹೊಗೆ ಹೋದರೆ ಕೆಡುತ್ತದೆ ಎಂದು ಗೊತ್ತಾದ ಮೇಲೆ ದೂರದಿಂದ ಕೈಮುಗಿದು ಸುಮ್ಮನಾದ.

ಇದನ್ನು ನಡೆಸುವುದು ಕಲಿಯಲು ಒಬ್ಬರು ಹದಿನೈದು ದಿನ ಬೆಂಗಳೂರಿಗೆ ಹೋಗಬೇಕಿತ್ತು. ಹೆಡ್ ಕ್ಲಾರ್ಕ್ ಜಿನಪಾಲ ಅವರಿಗೆ ಪೆನ್ಶನ್ನಿಗೆ ಎರಡೇ ವರ್ಷ ಉಳಿದಿತ್ತು. ಅವರು ತಮ್ಮ ಕಣ್ಣು ಮಂಜಾಗಿದೆ ಎಂದುಬಿಟ್ಟರು. ಉಳಿದವರಿಗೂ ಸಭೆಯಲ್ಲಿ ಕೂತಲ್ಲೇ ಒಬ್ಬೊಬ್ಬರಿಗೆ ಒಂದೊಂದು ಅಂಗ ಕೈಕೊಟ್ಟಿತು. ಅಂದು ರಜೆಯ ಮೇಲಿದ್ದವನು ಉಳವಪ್ಪ ಒಬ್ಬನೇ. ಹೀಗಾಗಿ ಅವನ ಹೆಸರು ಸರ್ವಾನುಮತದಿಂದ ಪಾಸಾಯಿತು.

ಉಳವಪ್ಪ ಕೆಟ್ಟ ಮನುಷ್ಯನಲ್ಲ, ದಡ್ಡನೂ ಅಲ್ಲ. ಅವನ ತಲೆಯಲ್ಲಿ ಎಲ್ಲವೂ ಇತ್ತು, ಬೇಕಾದಾಗ ಮಾತ್ರ ಬೇರೆಯದು ಕೈಗೆ ಸಿಗುತ್ತಿತ್ತು. ಸಂತೆಗೆ ಬದನೆಕಾಯಿ ತರಲು ಹೋದವನು ಒಮ್ಮೆ ಛತ್ರಿ ಹಿಡಿದು ಬಂದಿದ್ದ, ಅದೂ ಬೇರೆಯವರ ಛತ್ರಿ. ಇಂಥವನು ಬೆಂಗಳೂರಿನಲ್ಲಿ ಹದಿಮೂರು ದಿನ ಕಣ್ಣು ಮಿಟುಕಿಸದೆ ಪಾಠ ಕೇಳಿದ. ಹದಿನಾಲ್ಕನೆಯ ದಿನ ಲಾಲ್‌ಬಾಗ್ ನೋಡಲು ಹೋದ. ಹದಿನೈದನೆಯ ದಿನ ಸರ್ಟಿಫಿಕೇಟ್ ತೆಗೆದುಕೊಂಡು ರೈಲು ಹತ್ತಿದ. ಆ ಹದಿನಾಲ್ಕನೆಯ ದಿನದ ಪಾಠ ಪಕ್ಕದವನ ನೋಟ್‌ಬುಕ್ಕಿನಿಂದ ನಕಲಾಗಿ ಇವನ ಚೀಲ ಸೇರಿತ್ತು. ನಕಲು ಮಾಡಿದ ಮೇಲೆ ಓದಬೇಕು ಎಂಬ ಕಾಯಿದೆ ಎಲ್ಲಿಯೂ ಇಲ್ಲವಷ್ಟೆ.

ರಾಮತೀರ್ಥ ನಗರದ ಬಾಡಿಗೆ ಮನೆಗೆ ಬಂದವನೇ, ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಿದ್ದ ಹೆಂಡತಿ ರೇಣವ್ವನ ಎದುರಿಗೆ ತನ್ನ ವಿದ್ಯೆಯನ್ನು ಬಿಚ್ಚಿದ.

"ನೋಡ, ಚುಕ್ಕಿ ಅಂದ್ರ ಯಾವ ಅಕ್ಷರಾನೂ ಆಗಬಹುದು. ಅದರ ಬಾಜು ಒಂದು ನಕ್ಷತ್ರ ಇಟ್ಟಿ ಅಂದ್ರ, ಅಂಥಾವು ಎಷ್ಟರ ಇರಬಹುದು. ಚುಕ್ಕಿ ನಕ್ಷತ್ರ ಅಂದ್ರ, ಏನಾರ ಎಷ್ಟರ! ನಾವು ಸುರೂದ ಗುರುತು ಹೇಳಬೇಕು, ಕಡೀ ಗುರುತು ಹೇಳಬೇಕು. ನಡುವಿನ ಮಾತು ಅಷ್ಟ ತಗದು ಕೈಯಾಗ ಕೊಡತೈತಿ. ಹತ್ತು ಹಾಳಿ ಇರಲಿ, ಸಾವಿರ ಹಾಳಿ ಇರಲಿ."

"ನಾನೂ ಅದನ್ನ ಮಾಡಾಕ ಹತ್ತೀನ್ರಿ, ಅಕ್ಕಿಯೊಳಗಿನ ಹಳ್ಳು ತಗಿಯಾಕತ್ತೀನಿ," ಎಂದಳು ರೇಣವ್ವ.

"ನೀ ಒಂದೊಂದ ಕಾಳು ನೋಡಬೇಕು. ನನಗ ನೋಡೂದ ಬ್ಯಾಡ!"

"ನೋಡದ ಆರಿಸಿದ ಅಕ್ಕಿ ನೀವ ಉಣ್ಣರಿ," ಎಂದು ಅವಳು ಮೊರವನ್ನು ಇನ್ನೊಮ್ಮೆ ಕೇರಿದಳು.

ಸುದ್ದಿ ಓಣಿಯಲ್ಲಿ ಹಬ್ಬಿತು. ಎದುರು ಮನೆಯ ಮೆಹಬೂಬಿ ಬಾಗಿಲಲ್ಲೇ ನಿಂತು, "ಉಳವಪ್ಪಣ್ಣಾ, ನಮ್ಮ ಮನಿಯವರು ಇಸ್ಪೀಟ ಮಂದಿಯೊಳಗ ಸಿಕ್ಕೊಂಡಾರ. ಅಲ್ಲಿಂದ ಅವರನ್ನೊಬ್ಬರನ್ನ ಹೊರಗ ತಗೀತೈತೇನ್ರಿ ನಿಮ್ಮ ನಕ್ಷತ್ರ?" ಎಂದು ಕೇಳಿದಳು. ಉಳವಪ್ಪ ಸ್ವಲ್ಪ ಹೊತ್ತು ವಿಚಾರ ಮಾಡಿ, "ಅವರ ಸುರೂದ ಗುರುತು ಏನು?" ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಈ ಹೆಮ್ಮೆಯನ್ನು ಬೆಳಗಾವಿಯಲ್ಲಿಯೇ ಖರ್ಚು ಮಾಡಿ ಮುಗಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅವನು ಅದನ್ನು ಖಾನಾಪುರ ತಾಲೂಕಿನ ಬೀಡಿಗೂ ಒಯ್ದ. ಬೀಡಿ ಅವನು ಹುಟ್ಟಿದ ಊರು, ಅಕ್ಕ ಅಕ್ಕವ್ವನ ಮನೆ ಅಲ್ಲಿನ ಮೇಲಿನ ಓಣಿಯಲ್ಲಿತ್ತು. ತಾಯಿ ತೀರಿಕೊಂಡಾಗ ಉಳವಪ್ಪನಿಗೆ ಆರು ವರ್ಷ, ಅಕ್ಕವ್ವನಿಗೆ ಹದಿನಾಲ್ಕು. ತಲೆಯ ಮೇಲೆ ಕೊಡ, ಸೊಂಟದ ಮೇಲೆ ತಮ್ಮ, ಹೀಗೆ ಎರಡನ್ನೂ ಒಟ್ಟಿಗೆ ಹೊತ್ತವಳು ಅವಳು. ಉಳವಪ್ಪನ ಮಟ್ಟಿಗೆ ತಾಯಿ ಎಂದರೆ ಅಕ್ಕವ್ವನೇ. ಈಗ ಅವಳಿಗೆ ಗಂಡನಿಲ್ಲ, ಎಡ ಹೆಗಲು ಹೋದ ವರ್ಷದಿಂದ ಏಳುತ್ತಿಲ್ಲ. ಬೇಸಿಗೆಯಲ್ಲಿ ಓಣಿಯ ಬಾವಿ ಬತ್ತಿದರೆ ಒಂದು ಮೈಲಿ ದೂರದ ಹೊಲದ ಬಾವಿಗೆ ಹೋಗಬೇಕು.

"ಈ ವರ್ಷ ಪಂಪ ಬರಲಿಲ್ಲ ಅಂದ್ರ ಮನಿಗೆ ಕೀಲಿ ಹಾಕಿ ನಿಪ್ಪಾಣಿಗೆ ಮಗಳ ಮನಿಗೆ ಹೋಗಿಬಿಡ್ತೀನಿ ತಮ್ಮಾ," ಎಂದಳು ಅಕ್ಕವ್ವ. "ಅಳಿಯ ಚಲೋದಾನ, ಬ್ಯಾಡ ಅನ್ನಾಂಗಿಲ್ಲ. ಆದರ ನನಗ ಈ ಓಣಿ ಬಿಟ್ಟು ಬದುಕೂ ರೂಢಿ ಇಲ್ಲ."

ಈ ಮಾತು ಉಳವಪ್ಪನ ಕರುಳಿಗೆ ತಾಗಿತು. ಅವನು ಎದ್ದು ನಿಂತ. ಕಟ್ಟೆಯ ಮೇಲೆ ಐದಾರು ಹೆಣ್ಣುಮಕ್ಕಳಿದ್ದರು, ಬಾಜು ಮನೆಯ ಕಾಡವ್ವ ಇದ್ದಳು. ಅವರೆಲ್ಲರಿಗೂ ಕೇಳುವಂತೆ ಹೇಳಿದ:

"ಅಕ್ಕಾ, ನೀ ಅರ್ಜಿ ಒಂದ ಹಾಕು. ಕಂಪ್ಯೂಟರ್ ನನ್ನ ಕೈಯಾಗ ಐತಿ. ಯಾದಿಯೊಳಗ ಬೀಡಿ ಹೆಸರು ಮ್ಯಾಲ ಬರಲಿಲ್ಲಂದ್ರ ನನ್ನ ಹೆಸರು ಉಳವಪ್ಪ ಅಲ್ಲ!"

ಅಕ್ಕವ್ವ ಮರುದಿನವೇ ಕಾಡವ್ವನನ್ನು ಕರೆದುಕೊಂಡು ಖಾನಾಪುರಕ್ಕೆ ಹೋಗಿ, ಕಚೇರಿ ಎದುರಿನ ಮರದ ಕೆಳಗೆ ಅರ್ಜಿ ಬರೆಯುವ ಸರದಾರಸಾಬನ ಹತ್ತಿರ ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿ ಬಂದಳು. ಬೀಡಿಯ ಉಳಿದ ಓಣಿಯವರೂ ಹೋದರು. ಸುತ್ತಿನ ಊರವರೂ ಹೋದರು.

ಮೇ ತಿಂಗಳ ಕೊನೆಗೆ ಖಾನಾಪುರ ತಾಲೂಕಿನಿಂದ ಐವತ್ತೇಳು ಅರ್ಜಿಗಳು ಬೋರ್ ಆಫೀಸಿಗೆ ಬಂದು ಬಿದ್ದವು. ಬೋರ್ ಗಾಡಿ ಈ ತಾಲೂಕಿಗೆ ಸಿಗುವುದು ಜೂನ್ ತಿಂಗಳಲ್ಲಿ ಎಂಟೇ ದಿನ, ಆಮೇಲೆ ಅದು ಸವದತ್ತಿಗೆ ಹೋಗಬೇಕು. ಯಾವ ಊರಿನಿಂದ ಹೆಚ್ಚು ಅರ್ಜಿ ಬಂದಿವೆಯೋ ಆ ಊರಿಗೆ ಗಾಡಿ ಮೊದಲು ಎಂದು ದೊಡ್ಡ ಸಾಹೇಬರು ಆಜ್ಞೆ ಮಾಡಿದ್ದರು. ಇವರು ಕೋಲಾರದ ಕಡೆಯವರು, ಬೆಳಗಾವಿಗೆ ಬಂದು ಇಪ್ಪತ್ತು ದಿನವಾಗಿತ್ತು, ಜಿಲ್ಲೆಯನ್ನು ಇನ್ನೂ ನಕಾಶೆಯ ಮೇಲೆ ಮಾತ್ರ ನೋಡಿದ್ದರು.

ಅರ್ಜಿಗಳನ್ನು ಕಂಪ್ಯೂಟರಿಗೆ ಹೊಡೆಯುವ ಕೆಲಸ ಟೈಪಿಸ್ಟ್ ಚಂದ್ರವ್ವನದು. ಅವಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುತ್ತಿದ್ದಳು. ಒಂದು ಅಕ್ಷರ ಬಿಡುವವಳಲ್ಲ, ಒಂದು ಅಕ್ಷರ ಸೇರಿಸುವವಳೂ ಅಲ್ಲ. ಮೂರನೆಯ ಅರ್ಜಿಗೆ ಬಂದಾಗ ಕೈ ತಡೆದು ಕೇಳಿದಳು:

"ಉಳವಪ್ಪನವರ, ಅರ್ಜಿ ಕೆಳಗ ಬರದಾಂವ ತನ್ನ ಹೆಸರು, ಊರು ಹಾಕ್ಯಾನ್ರಿ. ಅದನ್ನೂ ಹೊಡೀಲೇನ್ರಿ?"

"ಎಲ್ಲಾ ಹೊಡೀರಿ," ಎಂದ ಉಳವಪ್ಪ ಕುರ್ಚಿಗೆ ಒರಗಿ. "ಬೇಕಾದ್ದು, ಬ್ಯಾಡಾದ್ದು ಆರಿಸೂದು ನನ್ನ ಕೆಲಸ."

ಹೀಗೆ ಅವನು ತನ್ನ ಗುಂಡಿಯನ್ನು ಕಚೇರಿಯ ವೇಳೆಯಲ್ಲಿಯೇ ತೋಡಿಕೊಂಡ. ನಮ್ಮ ಕಡೆ ಯಾವ ಅರ್ಜಿ ನೋಡಿದರೂ ಊರಿನ ಹಿಂದೆ ಮುಕ್ಕಾಂ ಎಂಬುದಕ್ಕೆ 'ಮು.' ಇರುತ್ತದೆ, ಮುಂದೆ ತಾಲೂಕು ಎಂಬುದಕ್ಕೆ 'ತಾ.' ಇರುತ್ತದೆ. 'ಮು. ಬೀಡಿ ತಾ. ಖಾನಾಪುರ.' ಇದಕ್ಕಿಂತ ಸುಲಭದ ಗುರುತು ಬೇಕೇ? ಉಳವಪ್ಪ ಕಂಪ್ಯೂಟರಿಗೆ ಕೊಟ್ಟ ಅಪ್ಪಣೆಯನ್ನು ಮನುಷ್ಯರ ಭಾಷೆಯಲ್ಲಿ ಹೇಳಿದರೆ ಹೀಗೆ: ಮೊದಲು ಏನಾರ ಎಷ್ಟರ ಇರಲಿ, ಬಿಟ್ಟುಬಿಡು. ಆಮೇಲೆ 'ಮು.' ಬರಲಿ. ಅಲ್ಲಿಂದ 'ತಾ.' ಬರುವವರೆಗೆ ಇರುವುದನ್ನು ಹಿಡಿದು ಕೊಡು. ಅದರ ಮುಂದೆಯೂ ಏನಾರ ಎಷ್ಟರ ಇರಲಿ, ಅದೂ ಬೇಡ.

ಗುಂಡಿ ಒತ್ತಿದ. ಪ್ರಿಂಟರ್ ಕಟಕಟ ಎಂದು ಒಂದು ಹಾಳೆಯನ್ನು ಉಗುಳಿತು. ಜಾಂಬೋಟಿ ನಲವತ್ತೊಂದು. ಉಳಿದ ಹದಿನಾರು ಅರ್ಜಿಗೆ ಬೇರೆ ಬೇರೆ ಊರು. ಬೀಡಿಯ ಹೆಸರು ಎಲ್ಲಿಯೂ ಇಲ್ಲ.

ಉಳವಪ್ಪ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದ. ಅಲ್ಲಿಯೂ ಇರಲಿಲ್ಲ.

ಖಾನಾಪುರ ತಾಲೂಕಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತೆಂದರೆ, ಜಾಂಬೋಟಿಯಲ್ಲಿ ನೀರಿಗೆ ಬರವಿಲ್ಲ. ಗೋವಾದ ಕಡೆಯ ಕಾಡು, ಜೂನ್ ಹತ್ತಿದರೆ ಹಗಲು ರಾತ್ರಿ ಮಳೆ, ಗದ್ದೆ ತುಂಬ ನೀರು. ಇದು ಉಳವಪ್ಪನಿಗೂ ಗೊತ್ತಿತ್ತು. ಆದರೆ ಹಾಳೆಯನ್ನು ಸಾಹೇಬರು ಆಗಲೇ ಅವನ ಕೈಯಿಂದ ಇಸಿದುಕೊಂಡಿದ್ದರು.

"ನಲವತ್ತೊಂದು ಅರ್ಜಿ! ಒಂದೇ ಊರಿಂದ!" ಎಂದರು ಸಾಹೇಬರು. "ಆ ಜನ ಎಷ್ಟು ಕಷ್ಟಪಡ್ತಾ ಇರಬೇಕು ಕಣ್ರೀ!"

ಜಿನಪಾಲ ಅವರು ಕೆಮ್ಮಿದರು. "ಸರ್, ಜಾಂಬೋಟಿಯಾಗ ಮಳಿ ಭಾಳ ಬೀಳತೈತ್ರಿ."

"ಬಿದ್ದ ನೀರು ನಿಲ್ಲುತ್ತೇನ್ರಿ ಅಲ್ಲಿ?"

"ಇಲ್ರಿ ಸರ್, ಹರದ ಹೋಗತೈತಿ."

"ಅದೇ ನಾನು ಹೇಳಿದ್ದು. ನಿಲ್ಲೋದಿಲ್ಲ. ಅದಕ್ಕೇ ಪಾಪ ಅರ್ಜಿ ಹಾಕಿದಾರೆ."

ಜಿನಪಾಲ ಅವರು ಎರಡು ವರ್ಷದ ನಂತರದ ಪೆನ್ಶನ್ನನ್ನು ನೆನೆಸಿಕೊಂಡು, "ಹಂಗ ಇರಬೇಕ್ರಿ ಸರ್. ಕಂಪ್ಯೂಟರ್ ಹೇಳೈತಿ ಅಂದಮ್ಯಾಲ," ಎಂದರು. ಸಾಹೇಬರು ಅಲ್ಲಿಯೇ ಮೇಲಿನವರಿಗೆ ಒಂದು ಟಿಪ್ಪಣಿ ಬರೆಸಿದರು: 'ಜಾಂಬೋಟಿಯಲ್ಲಿ ಮೇಲ್ನೋಟಕ್ಕೆ ನೀರು ಕಂಡುಬಂದರೂ ತೀವ್ರ ಜಲಕ್ಷಾಮವಿರುವುದು ಗಣಕಯಂತ್ರದಿಂದ ರುಜುವಾತಾಗಿದೆ.' ಇಂಥ ವಾಕ್ಯಕ್ಕೆ ಯಾರು ಎದುರು ಆಡಿಯಾರು? ಬೋರ್ ಗಾಡಿ ಸೋಮವಾರ ಜಾಂಬೋಟಿಗೆ ಎಂದು ಠರಾವಾಯಿತು.

ಮಧ್ಯದ ಭಾನುವಾರ ಉಳವಪ್ಪ ಬೀಡಿಗೆ ಹೋದ. ಯಂತ್ರ ತಪ್ಪಿರಬಹುದು ಎಂಬ ಯೋಚನೆ ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ. ಯಂತ್ರ ತಪ್ಪದಿದ್ದರೆ ತಪ್ಪಿದವಳು ಅಕ್ಕ ಎಂಬುದು ಅವನ ಲೆಕ್ಕ.

"ಅಕ್ಕಾ, ನೀ ಅರ್ಜಿ ಹಾಕೇ ಇಲ್ಲ," ಎಂದ ಹೊಸಲು ದಾಟುವ ಮೊದಲೇ.

ಅಕ್ಕವ್ವ ಹೆಬ್ಬೆಟ್ಟನ್ನು ಅವನ ಮೂಗಿನ ಮುಂದೆ ಹಿಡಿದಳು. ಉಗುರಿನ ಸಂದಿಯಲ್ಲಿ ನೀಲಿ ಮಸಿ ಇನ್ನೂ ಇತ್ತು. "ಇದೇನ ಅರಿಷಿಣ ಕಾಣಸ್ತೈತೇನೋ ನಿನಗ?"

"ಕಂಪ್ಯೂಟರ್ ಇಲ್ಲ ಅಂತೈತಿ."

"ನಾ ಹಾಕೀನಿ ಅಂತೀನಿ. ನಿನಗ ಎತ್ತಿ ಆಡಿಸಿದಾಕಿ ನಾನೋ, ಅದೋ?"

ಅಷ್ಟರಲ್ಲಿ ಕಾಡವ್ವ ಖಾಲಿ ಕೊಡವನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಯವ್ವಾ, ನಾನೂ ಹೋಗಿದ್ನೆಲ್ಲ ಜೋಡಿ! ನಮ್ಮ ಓಣಿ ಅರ್ಜಿ, ಕೆಳಗಿನ ಓಣಿ ಅರ್ಜಿ, ಪ್ಯಾಟಿ ಓಣಿ ಅರ್ಜಿ, ಒಟ್ಟ ಒಂಬತ್ತ ಅರ್ಜಿ ಹ್ವಾದುವು ಬೀಡಿಯಿಂದ. ಒಂಬತ್ತೂ ನುಂಗೈತೇನು ನಿನ್ನ ಮಿಷಿನ್ನು? ಅದಕ್ಕ ಹೊಟ್ಟಿಗೆ ಏನು ಹಾಕತೀರಿ ನೀವು?"

ಹೆಂಗಸರೆಲ್ಲ ನಕ್ಕರು. ಅಕ್ಕವ್ವ ಮಾತ್ರ ನಗಲಿಲ್ಲ. ಒಳಗೆ ಹೋಗಿ, ಅರ್ಧ ತುಂಬಿದ ಟ್ರಂಕನ್ನು ತೋರಿಸಿದಳು. "ನಿಪ್ಪಾಣಿಗೆ ಹೋಗಾಕ ಅರಬಿ ಮಡಿಚಿಡಾಕ ಹತ್ತೀನಿ. ನೀ ಮನಸಿಗೆ ಹಚ್ಕೋಬ್ಯಾಡ ತಮ್ಮಾ. ನಿನ್ನ ಕೈಲಿ ಆಗೂದು ನೀ ಮಾಡೀದಿ."

ಬೈದಿದ್ದರೆ ಉಳವಪ್ಪ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳುವುದು ಆಗಲಿಲ್ಲ. ಬೆಳಗಾವಿಯವರೆಗೂ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತ.

ಸೋಮವಾರ ಮುಂಜಾನೆ ಮೆರವಣಿಗೆ ಹೊರಟಿತು. ಮುಂದೆ ಸಾಹೇಬರ ಜೀಪು, ಅದರಲ್ಲಿ ಜಿನಪಾಲ ಅವರು, ಗಣಕಯಂತ್ರದ ತಜ್ಞನೆಂದು ಉಳವಪ್ಪ. ಹಿಂದೆ ಬೋರ್ ಗಾಡಿ. ಬೆಳಗಾವಿ ಬಿಟ್ಟಾಗ ಸಣ್ಣ ಹನಿ ಇತ್ತು. ಕಾಡು ಹತ್ತಿದಂತೆ ಮಳೆ ಎಷ್ಟು ಜೋರಾಯಿತೆಂದರೆ ಸಾಹೇಬರು ಹೆದರಿ, "ಮೋಡ ಒಡೀತೇನ್ರೀ?" ಎಂದರು. ಜಿನಪಾಲ ಅವರು ಸಮಾಧಾನದಿಂದ, "ಇಲ್ರಿ ಸರ್, ಇಲ್ಲೆ ದಿನಾ ಹಿಂಗ," ಎಂದರು. ಊರು ಇನ್ನೂ ಎರಡು ಫರ್ಲಾಂಗು ಇರುವಾಗ ರಸ್ತೆಗೆ ಅಡ್ಡಲಾಗಿ ಒಂದು ಹಳ್ಳ ಕೆಂಪಗೆ ಹರಿಯುತ್ತಿತ್ತು. ಜೀಪು ದಾಟಿತು. ಬೋರ್ ಗಾಡಿ ದಾಟಿ, ದಂಡೆ ಹತ್ತಲು ಹೋಗಿ, ಗದ್ದೆಯ ಕಡೆ ಜಾರಿ, ಅಚ್ಚಿನವರೆಗೆ ಕೆಸರಿನಲ್ಲಿ ಕೂತುಬಿಟ್ಟಿತು.

ಊರು ನೆರೆಯಿತು. ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ಅಜ್ಜ ಮುಂದೆ ಬಂದು, ಗಾಡಿಯನ್ನೂ ಸಾಹೇಬರನ್ನೂ ಮೂರು ಸಲ ನೋಡಿ ಕೇಳಿದ:

"ಅಹೋ ಸಾಯೇಬ್ರ, ಇದೇನ್ರಿ ಮಿಷಿನ್ನು?"

"ನಿಮ್ಮೂರಿಗೆ ನೀರು ತೆಗೆಯೋಕೆ ತಂದಿದೀವಿ ಅಜ್ಜಾ," ಎಂದರು ಸಾಹೇಬರು. ಛತ್ರಿಯಿಂದ ಅವರ ಕೊರಳಿಗೆ ನೀರು ಇಳಿಯುತ್ತಿತ್ತು.

ಅಜ್ಜ ಕೈಯೆತ್ತಿ ಸುತ್ತ ತೋರಿಸಿದ. "ನೀರು ತಗೀಲಿಕ್ಕೆ? ತಗೀರಿ ಸಾಯೇಬ್ರ. ಎಷ್ಟ ಬೇಕು ಅಷ್ಟ ತಗದು ಒಯ್ಯರಿ. ಮನ್ಯಾಗಿಂದೂ ತಗೀರಿ, ಮೊಣಕಾಲ ಮಟಾ ಬಂದೈತಿ. ಖರೇ ಹೇಳತೀನಿ, ನಾಲ್ಕ ತಿಂಗಳು ನಾವು ನೀರು ಹೊರಗ ಹಾಕೂದ ಕೆಲಸ ಮಾಡತೀವಿ. ದೇವರು ಕಳಿಸಿದ್ಹಂಗ ಬಂದೀರಿ."

"ಆದರೆ ನಲವತ್ತೊಂದು ಅರ್ಜಿ..." ಎಂದು ಸಾಹೇಬರು ಹಾಳೆಯನ್ನು ತೆಗೆದರು. ಅದು ಅವರ ಕೈಯಲ್ಲಿಯೇ ಒದ್ದೆಯಾಗಿ ಎರಡು ಹೋಳಾಯಿತು.

"ಅರ್ಜಿ? ನೀರಿಗೆ? ನಮ್ಮೂರವರು?" ಅಜ್ಜನಿಗೆ ನಗು ತಡೆಯಲಿಲ್ಲ. "ನಾವು ಬರದದ್ದು ಒಂದ ಅರ್ಜಿ, ಈ ಹಳ್ಳಕ್ಕೊಂದು ಸಣ್ಣ ಸೇತುವೆ ಕಟ್ಟರಿ ಅಂತ. ಹನ್ನೊಂದು ವರ್ಷ ಆತು. ಇನ್ನ ನಲವತ್ತು ಯಾರು ಬರದರೋ! ಬರಿಯೂದು ಅಂದ್ರ ಊರಾಗ ಸರದಾರಸಾಬ ಒಬ್ಬನ. ಅಂವ ಮುಂಜಾನೆ ಬಸ್ಸಿಗೆ ಖಾನಾಪುರಕ್ಕ ಹೋಗಿ ಮರದ ಬುಡಕ ಕುಂದರ್ತಾನ. ಅವನ್ನ ಕೇಳ್ರಿ."

ಗಾಡಿ ಸೋಮವಾರ ಏಳಲಿಲ್ಲ. ಮಂಗಳವಾರ ಎಂಟು ಜೋಡಿ ಕೋಣ ಕಟ್ಟಿ ಎಳೆದರೂ ಏಳಲಿಲ್ಲ. ಬುಧವಾರ ಅದನ್ನು ಎಬ್ಬಿಸಲು ಬಂದ ಲಾರಿಯೂ ಅದರ ಬಾಜು ಕೂತಿತು. ಗುರುವಾರ ಎರಡಕ್ಕೂ ಕಲ್ಲು ಹಾಸಿ, ಊರವರೆಲ್ಲ ಹೆಗಲು ಕೊಟ್ಟು, ಸಂಜೆಗೆ ಡಾಂಬರು ಮುಟ್ಟಿಸಿದರು. ಎಂಟು ದಿನದಲ್ಲಿ ನಾಲ್ಕು ದಿನ ಹೋಗಿದ್ದವು. ಒಂದು ಹನಿ ನೀರೂ ತೆಗೆಯದ ಬೋರ್ ಗಾಡಿಯ ಗಾಲಿಯ ಕೆಳಗಿನ ಕೆಸರು ತೋಡಿದ ಊರವರಿಗೆ ಮೂರು ಬುಟ್ಟಿ ಏಡಿ ಮಾತ್ರ ಸಿಕ್ಕವು.

ಉಳವಪ್ಪ ಅಷ್ಟು ದಿನ ಕಾಯಲಿಲ್ಲ. ಸೋಮವಾರವೇ ಸಿಕ್ಕ ಬಸ್ಸು ಹತ್ತಿ, ಕೆಸರು ಪ್ಯಾಂಟಿನಲ್ಲಿಯೇ ಖಾನಾಪುರದ ಮರದ ಕೆಳಗೆ ಇಳಿದ. ಸರದಾರಸಾಬ ಬಿಳಿ ಗಡ್ಡದ ಹಿರಿಯ, ತಾಡಪತ್ರಿಯ ಕೆಳಗೆ ಮಣೆ ಇಟ್ಟುಕೊಂಡು ಯಾರದೋ ಅರ್ಜಿಗೆ ಮಸಿ ಆರಿಸುತ್ತಿದ್ದ.

"ಚಾಚಾ, ಜಾಂಬೋಟಿಯಿಂದ ನಲವತ್ತೊಂದು ಅರ್ಜಿ ಯಾಕ ಬರದ್ರಿ?"

"ಜಾಂಬೋಟಿಯಿಂದ ನಾನ ಒಬ್ಬಾಂವ ಬರತೀನಿ ಬೇಟಾ, ಅರ್ಜಿ ಎಲ್ಲಾ ಊರಿಂದ ಬರತಾವು," ಎಂದು ಸರದಾರಸಾಬ ಕೈಯಲ್ಲಿದ್ದ ಹಾಳೆಯನ್ನು ಅವನ ಕಡೆ ತಿರುಗಿಸಿದ. ಮುತ್ತು ಜೋಡಿಸಿದಂಥ ಅಕ್ಷರ. ಮೇಲೆ ಅರ್ಜಿದಾರರ ಹೆಸರು, ಮು. ಇಟಗಿ, ತಾ. ಖಾನಾಪುರ. ನಡುವೆ ಗೋಳು. ಕೆಳಗೆ ಹೆಬ್ಬೆಟ್ಟು. ಹೆಬ್ಬೆಟ್ಟಿನ ಕೆಳಗೆ ಇನ್ನೊಂದು ಸಾಲು: 'ಬಿಕಲಂ: ಸರದಾರಸಾಬ, ಮು. ಜಾಂಬೋಟಿ, ತಾ. ಖಾನಾಪುರ.'

ಉಳವಪ್ಪ ಆ ಕೊನೆಯ ಸಾಲನ್ನು ಓದಿದ. ಮತ್ತೆ ಓದಿದ. ಅಲ್ಲಿಯೇ ಮರದ ಬೇರಿನ ಮೇಲೆ ಕೂತುಬಿಟ್ಟ.

ಚೀಲದಿಂದ ಬೆಂಗಳೂರಿನ ನೋಟ್‌ಬುಕ್ಕನ್ನು ತೆಗೆದ. ಹದಿನಾಲ್ಕನೆಯ ದಿನದ ಪುಟ. ತನ್ನದೇ ಕೈಬರಹದಲ್ಲಿ, ಮೊದಲನೆಯ ಸಾಲಿನಲ್ಲಿ, ಅಡಿಗೆರೆ ಹಾಕಿ ಬರೆದಿತ್ತು: 'ನಕ್ಷತ್ರಕ್ಕೆ ಹಸಿವು ಬಹಳ. ಮೊದಲು ಸಿಕ್ಕ ಗುರುತಿಗೆ ನಿಲ್ಲುವುದಿಲ್ಲ. ಕೊನೆಗೆ ಸಿಗುವ ಗುರುತಿನವರೆಗೆ ಎಲ್ಲವನ್ನೂ ನುಂಗುತ್ತದೆ.'

ಅಂದರೆ, 'ಮೊದಲು ಏನಾರ ಎಷ್ಟರ ಇರಲಿ' ಎಂದು ಇವನು ಉದಾರವಾಗಿ ಹೇಳಿದ್ದೇ ತಪ್ಪು. ಅದು ಮೊದಲನೆಯ 'ಮು.' ಬಿಟ್ಟು, ಬೀಡಿಯನ್ನು ನುಂಗಿ, ಅಕ್ಕವ್ವನ ಹೆಬ್ಬೆಟ್ಟನ್ನೂ ನುಂಗಿ, ಕೆಳಗಿನ 'ಮು.'ಗೆ ಹೋಗಿ ಆರಾಮ ನಿಂತಿತ್ತು. ಸರದಾರಸಾಬ ಬರೆದ ನಲವತ್ತೊಂದು ಅರ್ಜಿಯಲ್ಲಿ ನಲವತ್ತೊಂದು ಸಲ ಅದೇ ಆಗಿತ್ತು. ಕಾಡವ್ವ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು.

"ಚಾಚಾ, ನಿಮಗ ಕೈಮುಗೀತೀನಿ, ಇನ್ನ ಮ್ಯಾಲ ಅರ್ಜಿ ಕೆಳಗ ನಿಮ್ಮ ಹೆಸರು 'ಬಿಕಲಂ' ಅಂತ ಹಾಕಬ್ಯಾಡ್ರಿ," ಎಂದ ಉಳವಪ್ಪ.

ಸರದಾರಸಾಬ ಲೇಖನಿಯನ್ನು ಕೆಳಗಿಟ್ಟ. "ಬಿಕಲಂ ಅಂದ್ರ ಇದು ನನ್ನ ಕೈ ಬರದದ್ದು ಅಂತ. ನನ್ನ ವಾಲಿದ್ ಬರೀತಿದ್ರು, ಅವರ ವಾಲಿದ್ ಬರೀತಿದ್ರು. ಬರದದ್ದು ತಪ್ಪಾತು ಅಂದ್ರ ಹೆಬ್ಬೆಟ್ಟು ಒತ್ತಿದ ಬಡವರನ್ನ ಹಿಡೀಬಾರದು, ನನ್ನ ಹಿಡೀಬೇಕು. ಅದಕ್ಕ ಹೆಸರು, ಅದಕ್ಕ ಊರು. ನಿನ್ನ ಮಿಷಿನ್ನಿನ ಸಲುವಾಗಿ ನಾ ಓಡಿ ಹೋಗಾಂವ ಅಲ್ಲ ಬೇಟಾ." ಆಮೇಲೆ ಮೃದುವಾಗಿ ಕೇಳಿದ, "ನಿನ್ನ ಯಾದಿ ಕೆಳಗ ಯಾರ ಹೆಸರು ಐತಿ?"

ಯಾದಿಯ ಕೆಳಗೆ ಯಾರ ಹೆಸರೂ ಇರಲಿಲ್ಲ. 'ಗಣಕಯಂತ್ರದಿಂದ' ಎಂದಷ್ಟೇ ಇತ್ತು. ಉಳವಪ್ಪ ತಲೆ ತಗ್ಗಿಸಿದ.

ಶುಕ್ರವಾರ ಬೋರ್ ಆಫೀಸಿನಲ್ಲಿ ಸಭೆ ಕೂಡಿತು. ಗುರುವಾರದವರೆಗೆ ಜಾಂಬೋಟಿಯಲ್ಲಿ ಗಾಡಿ ಕಾದು ಬಂದ ಸಾಹೇಬರ ಮೂಗು ಶೀತದಿಂದ ಕೆಂಪಾಗಿತ್ತು. "ಈ ಲಿಸ್ಟ್ ಮಾಡಿದ್ದು ಯಾರು?" ಎಂದರು.

"ಕಂಪ್ಯೂಟರ್ ರಿ ಸರ್," ಎಂದರು ಜಿನಪಾಲ ಅವರು. "ಕಂಪ್ಯೂಟರ್," ಎಂದಿತು ಇಡೀ ಕಚೇರಿ. ಸಿಪಾಯಿ ಬಾಗಿಲಿನಿಂದಲೇ ಆ ಕೋಣೆಯ ಕಡೆ ಬೆರಳು ಮಾಡಿದ. ಇನ್ನೊಂದು ನಿಮಿಷ ಕಳೆದಿದ್ದರೆ ಕಂಪ್ಯೂಟರನ್ನು ಸಸ್ಪೆಂಡ್ ಮಾಡಿಬಿಡುತ್ತಿದ್ದರು.

ಉಳವಪ್ಪ ಎದ್ದು ನಿಂತ. "ನಾನು ಮಾಡಿದ್ದು ಸರ್. ಕಂಪ್ಯೂಟರ್ ನಾ ಹೇಳಿದ್ಹಂಗ ಕೇಳೈತಿ. ಹೇಳಿದ್ದ ತಪ್ಪ ಹೇಳಿದ್ದೆ. ಬಡವರ ಊರು ಬಿಟ್ಟು ಬರದಾವರ ಊರು ಹಿಡದು ತಂದೀನಿ." ಎಲ್ಲವನ್ನೂ ಬಿಡಿಸಿ ಹೇಳಿದ, ಲಾಲ್‌ಬಾಗನ್ನೂ ಬಿಡಲಿಲ್ಲ.

ಸಾಹೇಬರಿಗೆ ಸಿಟ್ಟು ಬಂತು. ಮೆಮೋ ಬರೆಸಲು ಬಾಯಿ ತೆರೆದರು. ಮೆಮೋದಲ್ಲಿ ಕಾರಣ ಬರೆಯಬೇಕು, ಕಾರಣ ಬರೆದರೆ ಜಲಕ್ಷಾಮದ ಟಿಪ್ಪಣಿ ಹೊರಗೆ ಬರುತ್ತದೆ, ಅದರ ಕೆಳಗೆ ತಮ್ಮದೇ ಸಹಿ ಇದೆ. ಸಾಹೇಬರು ಬಾಯಿ ಮುಚ್ಚಿದರು. ಒಂದು ಸಲ ಸೀನಿ, ಬೇರೆಯೇ ಮಾತು ಕೇಳಿದರು.

"ಸರಿ ಮಾಡೋಕೆ ಎಷ್ಟು ದಿನ ಬೇಕು?"

"ಅರ್ಧಾ ತಾಸು ಸರ್."

ಚಪ್ಪಲಿ ಬಿಟ್ಟು ಒಳಗೆ ಹೋದ. ಹಸಿದ ನಕ್ಷತ್ರವನ್ನು ಈ ಸಲ ಬೇರೆ ಕೆಲಸಕ್ಕೆ ಹಚ್ಚಿದ. ಮೊದಲು 'ಬಿಕಲಂ' ಎಲ್ಲಿ ಸಿಗುತ್ತದೋ ಅಲ್ಲಿಂದ ಅರ್ಜಿ ಮುಗಿಯುವವರೆಗೆ ನುಂಗಿಬಿಡು ಎಂದ. ಕೇಳುವುದೇ ಬೇಡ, ಅದು ನಲವತ್ತೊಂದು ಸರದಾರಸಾಬರನ್ನೂ ನಲವತ್ತೊಂದು ಜಾಂಬೋಟಿಗಳನ್ನೂ ಸಂತೋಷದಿಂದ ತಿಂದು ಮುಗಿಸಿತು. ಈಗ ಪ್ರತಿ ಅರ್ಜಿಯಲ್ಲಿ ಉಳಿದದ್ದು ಒಂದೇ 'ಮು.', ಅರ್ಜಿದಾರರದು. ಅದರ ಮುಂದಿನ ಊರನ್ನು ತೆಗೆ ಎಂದ. ಪ್ರಿಂಟರ್ ಕಟಕಟ ಎಂದಿತು. ಬೀಡಿ ಒಂಬತ್ತು. ಅದರ ಕೆಳಗೆ ಉಳಿದ ಊರುಗಳು. ಜಾಂಬೋಟಿ ಎಲ್ಲಿಯೂ ಇಲ್ಲ.

ಈ ಸಲ ಉಳವಪ್ಪ ಯಂತ್ರದ ಮಾತನ್ನು ನಂಬಲಿಲ್ಲ. ಚಂದ್ರವ್ವನನ್ನು ಕರೆದ. ಐವತ್ತೇಳು ಅರ್ಜಿಯನ್ನೂ ಒಂದೊಂದಾಗಿ ಅವಳು ಓದಿದಳು, ಇವನು ಯಾದಿಯಲ್ಲಿ ಗುರುತು ಹಾಕಿದ. ಇಪ್ಪತ್ತು ನಿಮಿಷ ಹಿಡಿಯಿತು. "ಇದನ್ನ ಮೊದಲ ಮಾಡಿದ್ರ?" ಎಂದಳು ಚಂದ್ರವ್ವ. ಉಳವಪ್ಪ ಯಾದಿಯ ಕೆಳಗೆ ಪೆನ್ನಿನಿಂದ ಒಂದು ಸಾಲು ಬರೆದ: 'ಬಿಕಲಂ: ಉಳವಪ್ಪ, ಮು. ಬೀಡಿ, ತಾ. ಖಾನಾಪುರ.'

ಸಾಹೇಬರು ಅದನ್ನು ಓದಿ, "ಇದೇನು ಹೊಸ ಪದ್ಧತಿ?" ಎಂದರು.

"ಹಳೇದ್ರಿ ಸರ್," ಎಂದ ಉಳವಪ್ಪ.

ಶನಿವಾರ ಬೋರ್ ಗಾಡಿ ಬೀಡಿಗೆ ಹೋಯಿತು. ಮೇಲಿನ ಓಣಿಯಲ್ಲಿ ನೂರು ಅಡಿಗೆ ಬರೀ ಧೂಳು. ನೂರೈವತ್ತಕ್ಕೆ ಕಲ್ಲು. ಅಕ್ಕವ್ವನ ಟ್ರಂಕು ಹಗ್ಗ ಕಟ್ಟಿಸಿಕೊಂಡು ಬಾಗಿಲಲ್ಲಿತ್ತು, ಅಕ್ಕವ್ವ ಅದರ ಮೇಲೆಯೇ ಕೂತಿದ್ದಳು. ಉಳವಪ್ಪ ಗಾಡಿಯ ಸುತ್ತ ತಿರುಗಿ ತಿರುಗಿ ಕೊನೆಗೆ ಚಾಲಕನಿಂದ ಬೈಸಿಕೊಂಡ. ನೂರಾ ಎಂಬತ್ತಾರು ಅಡಿಗೆ ಕೊಳವೆ ಒಮ್ಮೆ ಕೆಮ್ಮಿತು. ಆಮೇಲೆ ಬಿಳಿ ಕೆಸರು, ಅದರ ಹಿಂದೆ ನೀರು ಮನೆಯ ಮಾಳಿಗೆಯ ಎತ್ತರಕ್ಕೆ ಹಾರಿತು. ಕಾಡವ್ವ ಸೀರೆ ನೆನೆಯುವುದನ್ನೂ ಲೆಕ್ಕಿಸದೆ ಅದರ ನಡುವೆ ಹೋಗಿ ನಿಂತಳು. ಇಡೀ ಓಣಿ ಕೇಕೆ ಹಾಕಿತು.

ಉಳಿದ ದಿನಗಳಲ್ಲಿ ಗಾಡಿ ಇನ್ನೂ ನಾಲ್ಕು ಕಡೆ ಕೊರೆಯಿತು. ಜಾಂಬೋಟಿಯ ಸುದ್ದಿಯನ್ನೂ ಹೇಳಿಬಿಡುವುದು ನ್ಯಾಯ. ಆ ಹಳ್ಳದಲ್ಲಿ ಸಾಹೇಬರ ಒಂದು ಬೂಟು ಹೋಗಿತ್ತು. ಬೂಟು ಕಳೆದುಕೊಂಡ ಸಾಹೇಬರು ಅಲ್ಲಿ ಸೇತುವೆ ಬೇಕೆಂದು ಎಂಥ ಟಿಪ್ಪಣಿ ಬರೆದರೆಂದರೆ, ಹನ್ನೊಂದು ವರ್ಷ ಮಲಗಿದ್ದ ಅರ್ಜಿ ಆ ದೀಪಾವಳಿಯೊಳಗೆ ಮಂಜೂರಾಯಿತು.

ಹದಿನೈದು ದಿನದ ಮೇಲೆ ಮೇಲಿನ ಓಣಿಗೆ ಪಂಪು ಕೂಡಿಸಿದರು. ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದರು. ರೇಣವ್ವ ಬೆಳಗಾವಿಯಿಂದ ಬಂದಿದ್ದಳು. ಸರದಾರಸಾಬನೂ ಬಂದು ಕಟ್ಟೆಯ ಮೇಲೆ ಕೂತಿದ್ದ. ಕಾಡವ್ವ ಪಂಪಿನ ಹಿಡಿಕೆ ಒತ್ತಿದಳು, ತಾಮ್ರದ ಕೊಡ ತುಂಬಿತು. ಅಕ್ಕವ್ವ ಅದರ ಕಂಠವನ್ನು ಸೆರಗಿನಿಂದ ಒರೆಸಿದಳು. ಎಲ್ಲರೂ ಅವಳು ಅದನ್ನು ಸೊಂಟಕ್ಕೆ ಏರಿಸುವುದನ್ನೇ ಕಾದರು. ಅವಳು ತಮ್ಮನ ಕಡೆ ತಿರುಗಿದಳು.

"ತಮ್ಮಾ, ನಲವತ್ತು ವರ್ಷ ನಾ ಹೊತ್ತೀನಿ. ಮೊದಲನೇ ಕೊಡ ನೀ ಹೊರು."

ಇಡೀ ಓಣಿ ನೋಡುತ್ತಿರುವಾಗ ಉಳವಪ್ಪ ಷರ್ಟಿನ ತೋಳು ಮೇಲೇರಿಸಿ, ಕೊಡವನ್ನು ಹೆಗಲಿಗೆ ಎತ್ತಿಕೊಂಡ. ಪಂಪಿನಿಂದ ಅಕ್ಕನ ಹೊಸಲಿಗೆ ಇಪ್ಪತ್ತು ಹೆಜ್ಜೆ. ಮೂರನೆಯ ಹೆಜ್ಜೆಗೆ ಬೆನ್ನು ನೆನೆಯಿತು, ಎಂಟನೆಯದಕ್ಕೆ ಸರ್ಟಿಫಿಕೇಟ್ ಇಟ್ಟಿದ್ದ ಕಿಸೆ ನೆನೆಯಿತು, ಹದಿನೈದನೆಯದಕ್ಕೆ ಹೆಂಗಸರೆಲ್ಲ ನಕ್ಕು ನಕ್ಕು ಕಟ್ಟೆ ಹಿಡಿದುಕೊಂಡರು. ಅರ್ಧ ಕೊಡ ನೀರು ದಾರಿಯಲ್ಲಿಯೇ ಹೋಯಿತು.

"ಚೆಲ್ಲಿತೇನೋ?" ಎಂದಳು ಅಕ್ಕವ್ವ ಹಿಂದಿನಿಂದ.

"ಚೆಲ್ಲಿತಕ್ಕಾ."

"ಚೆಲ್ಲಲಿ ಬಿಡು," ಎಂದಳು ಅಕ್ಕವ್ವ, ಬಾಗಿಲಲ್ಲಿ ಅಂದಿನಿಂದ ಕಟ್ಟಿಯೇ ಇದ್ದ ಟ್ರಂಕಿನ ಹಗ್ಗ ಬಿಚ್ಚುತ್ತ. "ಹೋಗು, ಇನ್ನೊಂದ ಕೊಡ ತಾ."